ತಂದೆ ಅಥವಾ ಗಂಡನ ಹೆಸರು

ನಾನು ಮಾಡಿದ್ದನ್ನು ಯಾರೂ ಕೇಳಲಿಲ್ಲ. ಕೇಳುವವರು ಇದ್ದಿದ್ದರೆ ಏನಾದರೊಂದು ಸಮಜಾಯಿಷಿ ಕೊಟ್ಟು ಎಂದೋ ಹಗುರಾಗಿರುತ್ತಿದ್ದೆ. ಕೇಳದೆ ಇದ್ದದ್ದರಿಂದ, ಎಪ್ಪತ್ತು ದಾಟಿದ ಮೇಲೆ, ನಾನಾಗಿಯೇ ಬರೆಯಲು ಕುಳಿತಿದ್ದೇನೆ. ಓದಿದವರು ನನ್ನನ್ನು ಕ್ಷಮಿಸಬೇಕು ಎಂಬ ಆಸೆ ಇಲ್ಲ. ಕ್ಷಮಿಸುವ ಹಕ್ಕು ಇದ್ದದ್ದು ಒಬ್ಬಳಿಗೆ. ಅವಳಿಗೆ ಓದಲು ಬರುತ್ತಿರಲಿಲ್ಲ.

ಎಪ್ಪತ್ತರ ದಶಕ ಶುರುವಾಗುವಾಗ ನಾನು ಹೈಸ್ಕೂಲು ಮುಗಿಸಿ ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯ ಆಫೀಸಿಗೆ ಸೇರಿದೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಅಣ್ಣ ಗರ್ಭಗುಡಿಗೆ ಹೋದ, ನಾನು ಕಾರ್ಡಿನ ಪೆಟ್ಟಿಗೆಗೆ ಬಂದೆ. ಕಾರ್ಖಾನೆಯಲ್ಲಿ ಆರುನೂರಕ್ಕೆ ಹತ್ತಿರ ಹೆಂಗಸರಿದ್ದರು. ಹುರಿದ ಬೀಜ ಒಡೆಯುವವರು ಒಂದು ಶೆಡ್ಡಿನಲ್ಲಿ, ಸಿಪ್ಪೆ ತೆಗೆಯುವವರು ಇನ್ನೊಂದರಲ್ಲಿ, ತಿರುಳಿನ ಗಾತ್ರ ಬಣ್ಣ ನೋಡಿ ವಿಂಗಡಿಸುವವರು ಮತ್ತೊಂದರಲ್ಲಿ. ಪ್ರತಿಯೊಬ್ಬಳಿಗೂ ಒಂದು ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಂಬರು. ಪ್ರತಿಯೊಬ್ಬಳದೂ ಒಂದು ಕಾರ್ಡು ಆಫೀಸಿನಲ್ಲಿ. ಯಾವ ವರ್ಷ ಸೇರಿದಳು, ಯಾವ ಶೆಡ್ಡು, ಎಷ್ಟು ರಜೆ ಎಲ್ಲ ಅದರಲ್ಲಿ. ಆ ಕಾರ್ಡುಗಳನ್ನು ಬರೆಯುವ, ಕೇಳಿದಾಗ ಹುಡುಕಿ ಕೊಡುವ ಕೆಲಸ ಹೆಡ್‌ಕ್ಲಾರ್ಕರದ್ದು. ನಾನು ಅವರ ಕೈಕೆಳಗೆ. ಹೆಂಗಸರು ನಮ್ಮಿಬ್ಬರನ್ನೂ ಕರೆಯುತ್ತಿದ್ದದ್ದು ‘ರೈಟರು’ ಎಂದೇ.

ಕಾರ್ಡುಗಳನ್ನು ಹೆಡ್‌ಕ್ಲಾರ್ಕರು ಅಕಾರಾದಿಯಾಗಿಯೂ ಇಟ್ಟಿರಲಿಲ್ಲ, ನಂಬರಿನ ಪ್ರಕಾರವೂ ಇಟ್ಟಿರಲಿಲ್ಲ. ಸೋದರಮಾವನ ಹೆಸರಿನ ಪ್ರಕಾರ ಇಟ್ಟಿದ್ದರು. ನನಗೆ ಮೊದಲ ವಾರ ತಲೆಬುಡ ತಿಳಿಯಲಿಲ್ಲ. ಕಾರ್ಡಿನಲ್ಲಿ ‘ಪೋಷಕರ ಹೆಸರು’ ಎಂದು ಅಚ್ಚಾದ ಒಂದು ಸಾಲು ಇತ್ತು. ನಮ್ಮ ಕಾರ್ಖಾನೆಯ ಹೆಚ್ಚಿನ ಹೆಂಗಸರು ಅಳಿಯಕಟ್ಟಿನ ಮನೆಗಳಿಂದ ಬಂದವರು. ಅವರಿಗೆ ಕುಟುಂಬ ಎಂದರೆ ತಾಯಿಯ ಕಡೆಯದ್ದು, ಯಜಮಾನ ಎಂದರೆ ತಾಯಿಯ ಅಣ್ಣನೋ ತಮ್ಮನೋ. ಪೋಷಕ ಯಾರು ಎಂದು ಕೇಳಿದರೆ ಅವರು ಯೋಚನೆಯೇ ಮಾಡದೆ ಮಾವನ ಹೆಸರು ಹೇಳುತ್ತಿದ್ದರು.

“ನೋಡು ಮಾರಾಯ,” ಎಂದು ಹೆಡ್‌ಕ್ಲಾರ್ಕರು ನನಗೆ ಹೇಳಿದ್ದರು, “ಅವರ ಹೆಸರು ಕರೆದರೆ ನಲ್ವತ್ತು ಜನ ಒಟ್ಟಿಗೆ ‘ಓ’ ಅಂತಾರೆ. ಗಂಡನ ಹೆಸರು ಕೇಳುವ ಅಂದ್ರೆ ಒಬ್ಬ ಬೊಂಬಾಯಿ ಹೋಟ್ಲಲ್ಲಿ, ಒಬ್ಬ ದೋಣಿಯಲ್ಲಿ, ಒಬ್ಬ ಬಿಟ್ಟೇ ಹೋಗಿದ್ದಾನೆ. ಮಾವ ಎಲ್ಲಿಗೆ ಹೋಗ್ತಾನೆ? ಅವನನ್ನು ಹಿಡಿದರೆ ಮನೆಯೇ ಕೈಗೆ ಬರ್ತದೆ.”

ನಿಜವಾಗಿಯೂ ಬರುತ್ತಿತ್ತು. ಕಿಟಕಿಯ ಹತ್ತಿರ ಬಂದ ಹೆಂಗಸು ಬಾಯಲ್ಲಿದ್ದ ಎಲೆಯಡಿಕೆ ಉಗಿದು ತಿರುಗುವುದರೊಳಗೆ ಕಾರ್ಡು ಅವರ ಕೈಯಲ್ಲಿ ಇರುತ್ತಿತ್ತು. ನನಗೆ ಒಳಗೊಳಗೆ ನಗು. ನಮ್ಮ ಮನೆಯಲ್ಲಿ ಅಪ್ಪನ ಹೆಸರಿಲ್ಲದೆ ಯಾವ ಕಾಗದವೂ ಮುಂದೆ ಹೋಗುವುದಿಲ್ಲ. ಮಾವನ ಬಾಲ ಹಿಡಿದು ಬದುಕುವ ಜನ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಆ ಸಸಾರ ನನ್ನಲ್ಲಿ ಇತ್ತು. ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ.

ಕ್ಷಮಿಸುವ ಹಕ್ಕಿದ್ದ ಅವಳು ಸೇರಿದ್ದು ನಾನು ಸೇರಿದ ಐದಾರು ವರ್ಷಗಳ ನಂತರ. ಆಗ ಅವಳಿಗೆ ಹತ್ತೊಂಬತ್ತು ಇರಬಹುದು. ಮಾವನೇ ಕರೆದುಕೊಂಡು ಬಂದಿದ್ದ. ಸಣಕಲು ಆಸಾಮಿ, ಕಂಕುಳಲ್ಲಿ ಕೊಡೆ. ಆ ದಿನ ಹೆಡ್‌ಕ್ಲಾರ್ಕರಿಗೆ ಜ್ವರ, ಕಾರ್ಡು ಬರೆದದ್ದು ನಾನು. ಅವಳ ಕಣ್ಣು ಚುರುಕು ಎಂದು ಮೇಸ್ತ್ರಿ ಕೂಡಲೇ ವಿಂಗಡಿಸುವ ಮೇಜಿಗೆ ಕಳುಹಿಸಿದ. ಅದು ಎಲ್ಲರಿಗೂ ಸಿಗುವ ಜಾಗ ಅಲ್ಲ. ಒಡೆಯುವ ಶೆಡ್ಡಿನಲ್ಲಿ ಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ. ಎಷ್ಟು ಬೂದಿ ಹಚ್ಚಿಕೊಂಡರೂ ಬೆರಳು ಕಪ್ಪಾಗಿ, ಚರ್ಮ ಎದ್ದು, ಕೊನೆಗೆ ಹೆಬ್ಬೆಟ್ಟಿನ ಗುರುತೂ ಸರಿಯಾಗಿ ಮೂಡುವುದಿಲ್ಲ. ವಿಂಗಡಿಸುವವರ ಕೈ ಹಾಗಲ್ಲ. ಬೆಳಕಿನಲ್ಲಿ ಕುಳಿತು ಮಾಡುವ ಕೆಲಸ ಅದು.

ಎಂಟು ವರ್ಷ ಅವಳು ಆ ಮೇಜಿನಲ್ಲಿ ಇದ್ದಳು. ಎರಡನೆಯ ಹೆರಿಗೆಗೆ ಹೋದವಳು ಮಗು ಸೊರಗಿದ್ದರಿಂದ ಎಂಟು ತಿಂಗಳು ಬರಲಿಲ್ಲ. ಬಿಲ್ಲೆಯನ್ನು ಗೇಟಿಗೆ ಒಪ್ಪಿಸಬೇಕಾಯಿತು. ವಾಪಸು ಬಂದಾಗ ಹೊಸ ಬಿಲ್ಲೆ, ಹೊಸ ನಂಬರು, ಹೊಸ ಕಾರ್ಡು. ಹೆಡ್‌ಕ್ಲಾರ್ಕರು ಹಳೆಯ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಪುನಃ ಬಂದಿದ್ದಾಳೆ’ ಎಂದು ಬರೆದು ಅವಳಿಗೆ ಹೇಳಿದರು, “ನಿನ್ನ ಎಂಟು ವರ್ಷ ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಉಂಟು.” ಮರುವರ್ಷ ಅವರು ನಿವೃತ್ತರಾದರು. ಅವರ ಕುರ್ಚಿ ನನಗೆ ಬಂತು.

ಎಂಬತ್ತರ ದಶಕದ ಕೊನೆಕೊನೆಗೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕಾಗಿ ನನ್ನ ಕೋಣೆಗೆ ಎ.ಸಿ. ಹಾಕಿದರು, ಚಪ್ಪಲಿ ಹೊರಗೆ ಬಿಡಬೇಕು ಎಂದು ಬೋರ್ಡು ಬರೆಸಿದರು. ಕಲಿಸಲು ಬೆಂಗಳೂರಿನಿಂದ ಒಬ್ಬ ತರುಣ ಹದಿನೈದು ದಿನಕ್ಕೆ ಬಂದ. ಆ ಕೋಣೆಯ ಬೀಗದ ಕೈಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಮ್ಯಾನೇಜರು, “ಭಟ್ರೇ, ಇನ್ನು ಇದು ನಿಮ್ಮ ದೇವಸ್ಥಾನ,” ಎಂದರು. ಅಣ್ಣನಿಗಿಂತ ನಾನು ಮೇಲಾದೆ ಎಂದು ಆ ದಿನ ಅನ್ನಿಸಿತ್ತು.

ಯಂತ್ರದ ಕೆಲಸ ಹೀಗೆ. ಪರದೆಯ ಮೇಲೆ ಒಂದು ಫಾರ್ಮು ಬರುತ್ತದೆ. ಹೆಸರು, ಬಿಲ್ಲೆ ನಂಬರು, ಶೆಡ್ಡು, ಸೇರಿದ ವರ್ಷ, ಒಂದೊಂದಕ್ಕೂ ಒಂದೊಂದು ಖಾನೆ. ತುಂಬಿಸಿ ಗುಂಡಿ ಒತ್ತಿದರೆ ದಾಖಲೆ ಒಳಗೆ ಹೋಗಿ ಕೂರುತ್ತದೆ. ಹುಡುಕುವಾಗಲೂ ಅದೇ ಫಾರ್ಮು, ಆದರೆ ಖಾಲಿ. ನಮಗೆ ಗೊತ್ತಿರುವುದನ್ನು ಖಾನೆಯಲ್ಲಿ ಬರೆದು ಗುಂಡಿ ಒತ್ತಿದರೆ ಅದಕ್ಕೆ ಹೊಂದುವ ದಾಖಲೆಗಳು ಒಂದೊಂದಾಗಿ ಬರುತ್ತವೆ.

“ಒಂದು ವಿಷಯ ನೆನಪಿಟ್ಕೊಳ್ಳಿ ಸಾರ್,” ಎಂದಿದ್ದ ಆ ತರುಣ. “ಅನುಮಾನ ಇರೋ ಖಾನೇನ ಖಾಲಿ ಬಿಟ್ಬಿಡಿ. ನೀವು ಜಾಸ್ತಿ ಬರೆದಷ್ಟೂ ಅದು ಕಡಿಮೆ ತೋರಿಸತ್ತೆ. ನಾಲ್ಕರಲ್ಲಿ ಒಂದು ತಪ್ಪಾದ್ರೂ ‘ಇಲ್ಲ’ ಅಂದ್ಬಿಡತ್ತೆ.”

ಇದನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಅವನು ಹೋದ ಮೇಲೆ ಕಾರ್ಡುಗಳನ್ನು ಯಂತ್ರಕ್ಕೆ ಏರಿಸುವ ಕೆಲಸ ನನ್ನೊಬ್ಬನದ್ದು. ಮೊದಲ ದಿನವೇ ತೊಡಕಾಯಿತು. ಫಾರ್ಮಿನಲ್ಲಿ ‘ಪೋಷಕರು’ ಎಂಬ ಖಾನೆ ಇರಲಿಲ್ಲ. ‘ತಂದೆ ಅಥವಾ ಗಂಡನ ಹೆಸರು’ ಎಂದು ಇತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಚೌಕ. ಮಗಳಾದರೆ ಒಂದು ಅಕ್ಷರ, ಹೆಂಡತಿಯಾದರೆ ಇನ್ನೊಂದು. ಏನೂ ಬರೆಯದಿದ್ದರೆ ಯಂತ್ರ ‘ಟುಂಯ್’ ಎಂದು ಕೂಗಿ ಅಲ್ಲೇ ನಿಲ್ಲುತ್ತಿತ್ತು, ಮುಂದಿನ ಖಾನೆಗೆ ಬಿಡುತ್ತಿರಲಿಲ್ಲ.

ಸರಿಯಾದ ದಾರಿ ಒಂದೇ ಇತ್ತು. ಶೆಡ್ಡಿಗೆ ಹೋಗಿ, ಒಬ್ಬೊಬ್ಬಳನ್ನೂ ಕೇಳಿ, ತಂದೆಯ ಅಥವಾ ಗಂಡನ ಹೆಸರು ಬರೆದುಕೊಂಡು ಬರುವುದು. ಇಪ್ಪತ್ತು ದಿನ ಹಿಡಿಯುತ್ತಿತ್ತು. ತಿಂಗಳ ಕೊನೆಗೆ ಕಾರ್ಖಾನೆಯ ಧನಿಗಳು ನೋಡಲು ಬರುವವರಿದ್ದರು, ಅಷ್ಟರೊಳಗೆ ಎಲ್ಲವೂ ಒಳಗಿರಬೇಕು ಎಂದು ಮ್ಯಾನೇಜರು ಹೇಳಿದ್ದರು. ಅದಲ್ಲದೆ, ಎ.ಸಿ. ಕೋಣೆ ಬಿಟ್ಟು ಎಣ್ಣೆಯ ಹೊಗೆಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಕಾರ್ಡಿನಲ್ಲಿ ಯಾರ ಹೆಸರಿತ್ತೋ ಅದನ್ನೇ ಆ ಖಾನೆಗೆ ಬರೆದೆ. ಮಾವನ ಹೆಸರು ಎಂದು ಗೊತ್ತಿದ್ದೇ ಬರೆದೆ. ಪಕ್ಕದ ಚೌಕಕ್ಕೆ ಏನು ಹಾಕುವುದು? ಇಪ್ಪತ್ತೈದು ದಾಟಿದವರಿಗೆಲ್ಲ ಹೆಂಡತಿ ಎಂದು ಹಾಕಿದೆ.

ಹೀಗೆ, ಹತ್ತಿಪ್ಪತ್ತಲ್ಲ, ನೂರಾರು ಹೆಂಗಸರನ್ನು ಅವರವರ ಸೋದರಮಾವನಿಗೆ ಮದುವೆ ಮಾಡಿಸಿದೆ. ಘಟ್ಟದ ಮೇಲೆ ಮಾವನನ್ನು ಮದುವೆಯಾಗುವುದು ಉಂಟು. ಇಲ್ಲಿ ಅಳಿಯಕಟ್ಟಿನವರಲ್ಲಿ ಮಾವ ಎಂದರೆ ಒಂದೇ ಬಳಿಯವನು, ನಮ್ಮಲ್ಲಿ ಒಂದೇ ಗೋತ್ರದವನಿದ್ದ ಹಾಗೆ, ತಾಯಿಯ ಸಮಾನ. ಆ ಮಾತು ಬಾಯಲ್ಲಿ ಬಂದರೂ ಹೊಡೆಯಲು ಕೈ ಎತ್ತುತ್ತಾರೆ. ಅದು ಗೊತ್ತಿದ್ದ ಊರಿನಲ್ಲೇ ಹುಟ್ಟಿ ಬೆಳೆದವನು ನಾನು. ಯಾರು ನೋಡುತ್ತಾರೆ, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ಹೆಡ್‌ಕ್ಲಾರ್ಕರ ಪೆನ್ಸಿಲಿನ ಟಿಪ್ಪಣಿಗೆ ಫಾರ್ಮಿನಲ್ಲಿ ಎಲ್ಲೂ ಜಾಗ ಇರಲಿಲ್ಲ. ಅದನ್ನು ಬಿಟ್ಟೆ. ಕಾರ್ಡುಗಳನ್ನು ಮೂರು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಸಿದೆ. ಧನಿಗಳು ಬಂದರು, ಒಂದು ಬಿಲ್ಲೆ ನಂಬರು ಹೇಳಿದರು, ನಾನು ಒತ್ತಿ ತೋರಿಸಿದೆ. ಬೆನ್ನು ತಟ್ಟಿ ಹೋದರು.

ಅದಾಗಿ ಕೆಲವೇ ತಿಂಗಳಲ್ಲಿ ನಮ್ಮ ಕಾರ್ಖಾನೆ ಮುಚ್ಚುತ್ತದೆ, ವಾಮಂಜೂರಿನಲ್ಲಿ ಹೊಸದು ಕಟ್ಟಿದ್ದಾರೆ ಎಂಬ ಸುದ್ದಿ ನಿಜವಾಯಿತು. ಹೊಸ ಜಾಗ ಚಿಕ್ಕದು. ಹತ್ತು ವರ್ಷ ತುಂಬಿದವರನ್ನು ಮಾತ್ರ ಅಲ್ಲಿಗೆ ತೆಗೆದುಕೊಳ್ಳುವುದು, ಉಳಿದವರು ಮನೆಗೆ. ಯಾರಿಗೆ ಎಷ್ಟು ವರ್ಷ ಎಂದು ಕಂಪ್ಯೂಟರಿನಲ್ಲಿ ನೋಡಿ ಪಟ್ಟಿ ಮಾಡಬೇಕು. ಎರಡು ದಿನ ನನ್ನ ಕಿಟಕಿಯ ಮುಂದೆ ಸಾಲು.

“ರೈಟರೇ, ನಿಮ್ಮ ಟಿ.ವಿ.ಯಲ್ಲಿ ಇವತ್ತು ಯಾವ ಪಿಕ್ಚರ್?” ಎಂದು ಸಾಲಿನಲ್ಲಿದ್ದ ಒಬ್ಬಳು ಕೇಳಿದಳು.

“ಅದರಲ್ಲಿ ಪಿಕ್ಚರ್ ಎಂತ ಬರುವುದು? ಆಫ್ ಮಾಡಿದರೆ ರೈಟರ ಮುಖವೇ ಕಾಣುವುದಂತೆ,” ಎಂದು ಹಿಂದಿನವಳು. ಎಲ್ಲರೂ ನಕ್ಕರು. ಕೆಲಸ ಹೋಗುವ ಹೆದರಿಕೆ ಇದ್ದವರ ನಗು.

ಹೆಚ್ಚಿನವರದ್ದು ಸುಲಭ. ಬಿಲ್ಲೆ ತೋರಿಸುತ್ತಿದ್ದರು, ನಂಬರು ಬರೆದು ಒತ್ತಿದರೆ ಸೇರಿದ ವರ್ಷ ಬರುತ್ತಿತ್ತು. ಪರದೆ ನನ್ನ ಕಡೆಗೆ ತಿರುಗಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಎರಡನೆಯ ದಿನ ಅವಳು ಬಂದಳು.

“ಮುಂಚೆ ಎಂಟು, ಈಗ ಮೂರು. ನೋಡಿ ಹೇಳಿ ರೈಟರೇ. ನಮ್ಮ ಮನೆಯಿಂದ ವಾಮಂಜೂರಿಗೆ ಒಳದಾರಿ ಉಂಟು, ಬಸ್ಸೂ ಬೇಡ,” ಎಂದಳು. ಹೋಗುವುದು ಖಚಿತ ಎಂಬ ಧೈರ್ಯ ಅವಳ ಮಾತಿನಲ್ಲಿತ್ತು.

ಹೊಸ ಬಿಲ್ಲೆಯ ನಂಬರಿಗೆ ಮೂರು ವರ್ಷ ಬಂತು. ಹಳೆಯ ಬಿಲ್ಲೆಯ ನಂಬರು ಅವಳಿಗೆ ನೆನಪಿರಲಿಲ್ಲ. ಹೆಸರಿನಿಂದಲೇ ಹುಡುಕಬೇಕಾಯಿತು. ಹೆಸರು ಬರೆದೆ. ಗಂಡನ ಹೆಸರು ಕೇಳಿದೆ. ಗಂಡನ ಹೆಸರು ಹೇಳಲು ನಾಚಿ ಪಕ್ಕದವಳ ಕೈಲಿ ಹೇಳಿಸಿದಳು. ಅದನ್ನೂ ಬರೆದೆ. ಸೇರಿದ ವರ್ಷವನ್ನೂ ಬರೆದು ಗುಂಡಿ ಒತ್ತಿದೆ. ಯಂತ್ರ ಕೂಗಿತು.

“ಇಲ್ಲ ಅಂತ ಹೇಳ್ತದೆ,” ಎಂದೆ.

“ಯಾರು ಹೇಳುವುದು?”

“ಕಂಪ್ಯೂಟರ್.”

“ಅದು ನನ್ನನ್ನು ಯಾವಾಗ ನೋಡಿದೆ? ನೀವು ನೋಡಿದ್ದೀರಲ್ಲ.”

ಸಾಲಿನಲ್ಲಿ ಮತ್ತೆ ನಗು ಎದ್ದಿತು. ಆ ಗದ್ದಲಕ್ಕೆ ಮ್ಯಾನೇಜರು ತಮ್ಮ ಕೋಣೆಯಿಂದ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರೂ ಅಳಿಯಕಟ್ಟಿನ ದೊಡ್ಡ ಮನೆಯವರು, ಗದ್ದೆಗಳು ಗೇಣಿಯವರ ಪಾಲಾದ ಮೇಲೆ ಕೆಲಸಕ್ಕೆ ಬಂದವರು. ಆಫೀಸಿಗೆ ಅವರ ಸೋದರಮಾವ ಬಂದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು, ಹೋಗುವವರೆಗೂ ಕೂರುತ್ತಿರಲಿಲ್ಲ.

“ಎಂತ ಭಟ್ರೇ?”

ಹೇಳಿದೆ. ಅಷ್ಟರಲ್ಲಿ ಅವಳು ಕಿಟಕಿಯ ಸರಳು ಹಿಡಿದುಕೊಂಡು, “ಮಾವನ ಹೆಸರು ಹಾಕಿ ನೋಡಿ ರೈಟರೇ. ಮುಂಚಿನ ರೈಟರು ಅದನ್ನೇ ಅಲ್ವಾ ಕೇಳ್ತಿದ್ದದ್ದು?” ಎಂದು ಮಾವನ ಹೆಸರನ್ನು ದೊಡ್ಡದಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಹೌದಲ್ಲ, ಹಾಕಿ ನೋಡಿ,” ಎಂದರು ಮ್ಯಾನೇಜರು.

ಅಲ್ಲಿಯವರೆಗೆ ಆ ಖಾನೆಯ ವಿಷಯ ನನಗೆ ಮರೆತೇ ಹೋಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಗಂಡನ ಹೆಸರು ಬರೆಯುವಾಗಲೇ ಸಿಗುವುದಿಲ್ಲ ಎಂದು ಗೊತ್ತಿತ್ತು. ಆ ಒಂದು ಖಾನೆ ಖಾಲಿ ಬಿಟ್ಟು ಒತ್ತಿದ್ದರೂ ಸಾಕಿತ್ತು, ಅವಳು ಹೇಳಿದ ಹಾಗೆ ಮಾಡಿದ್ದರೂ ಸಾಕಿತ್ತು, ದಾಖಲೆ ಬರುತ್ತಿತ್ತು. ಬಂದರೆ ನನ್ನ ತಲೆಯ ಹಿಂದೆ ನಿಂತ ಮ್ಯಾನೇಜರು ಓದುತ್ತಿದ್ದರು: ಅವಳ ಹೆಸರು, ಈಗಷ್ಟೇ ಕಿವಿಯಾರೆ ಕೇಳಿದ ಮಾವನ ಹೆಸರು, ನಡುವೆ ಹೆಂಡತಿ ಎಂಬ ಅಕ್ಷರ. ಅವಳೊಬ್ಬಳದ್ದಲ್ಲ, ನೂರಾರು ಜನರದ್ದು ಹಾಗೆಯೇ ಉಂಟು ಎಂದು ಗೊತ್ತಾಗಲು ಇನ್ನು ಎರಡು ಗುಂಡಿ ಒತ್ತಿದರೆ ಸಾಕು. ಶೆಡ್ಡಿಗೆ ಸುದ್ದಿ ಹೋದರೆ ಅಷ್ಟೂ ಹೆಂಗಸರು ಬೂದಿ ಹಚ್ಚಿದ ಕೈಯಲ್ಲೇ ನನ್ನ ಕೋಣೆಗೆ ನುಗ್ಗುತ್ತಿದ್ದರು. ಎ.ಸಿ., ಬೀಗದ ಕೈ, ಧನಿಗಳು ತಟ್ಟಿದ ಬೆನ್ನು ಎಲ್ಲ ಹೋಗುತ್ತಿತ್ತು.

“ಇದರಲ್ಲಿ ಮಾವನಿಗೆ ಖಾನೆ ಇಲ್ಲ ಸಾರ್,” ಎಂದೆ. “ತಂದೆ, ಇಲ್ಲದಿದ್ದರೆ ಗಂಡ. ಎರಡೇ.”

ಅದು ಸುಳ್ಳಲ್ಲ. ಹಾಗಾಗಿಯೇ ಅಷ್ಟು ಸಲೀಸಾಗಿ ಬಾಯಿಂದ ಬಂತು.

“ಬೆಂಗಳೂರಿನವರು ಮಾಡಿದ್ದಲ್ವಾ, ಅವರಿಗೆಂತ ಗೊತ್ತು,” ಎಂದು ಮ್ಯಾನೇಜರು ನಕ್ಕರು. “ಹಳೆ ಕಾರ್ಡು ಉಂಟಲ್ಲ, ಅದನ್ನು ನೋಡುವ.”

“ಗೆದ್ದಲು ತಿಂದಿದೆ ಸಾರ್.”

ಮೂರು ಚೀಲಗಳಲ್ಲಿ ಒಂದಕ್ಕೆ ಗೆದ್ದಲು ಹಿಡಿದಿತ್ತು. ಅವಳ ಕಾರ್ಡು ಅದರಲ್ಲಿ ಇರಲಿಲ್ಲ.

ಮ್ಯಾನೇಜರು ಸಾಲಿನ ಉದ್ದ ನೋಡಿದರು. ಅವರು ಕೆಟ್ಟವರಲ್ಲ. “ಹಾಗಾದರೆ ಎಂತ ಮಾಡುವುದು, ಮೂರು ಅಂತಲೇ ಹಾಕಿ. ಒಬ್ಬಳಿಗೆ ಬಾಯಿಮಾತಿನಲ್ಲಿ ಕೊಟ್ಟರೆ ನಾಳೆ ಎಲ್ಲರೂ ಬರ್ತಾರೆ,” ಎಂದು ಒಳಗೆ ಹೋದರು.

ಅವಳು ಹೋಗಲಿಲ್ಲ. ಸಾಲಿನವರು ಹಿಂದಿನಿಂದ ದೂಡುತ್ತಿದ್ದರೂ ಸರಳು ಬಿಡಲಿಲ್ಲ. “ಆವತ್ತು ನೀವೇ ಬರೆದದ್ದು ರೈಟರೇ. ಮಾವ ನಿಮ್ಮ ಮೇಜಿನ ಮೇಲೆ ಕೊಡೆ ಇಟ್ಟದ್ದಕ್ಕೆ ಬೈದಿದ್ದಿರಿ,” ಎಂದಳು.

“ಎಷ್ಟು ಜನರದ್ದು ಬರೆದಿದ್ದೇನೆ ಮಾರಾಯ್ತಿ, ನೆನಪಿರ್ತದಾ?” ಎಂದು ಮುಂದಿನವಳ ಬಿಲ್ಲೆಗೆ ಕೈ ಚಾಚಿದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಹುಡುಕಿದೆ. ಗಂಡನ ಖಾನೆ ಖಾಲಿ ಬಿಟ್ಟು ಹೆಸರು, ವರ್ಷ ಮಾತ್ರ ಬರೆದೆ. ಅದೇ ಹೆಸರಿನ ಐವರು ಬಂದರು. ನಾಲ್ಕನೆಯವಳು ಅವಳು. ಪಟ್ಟಿ ಟೈಪಾಗಬೇಕಿದ್ದದ್ದು ಮರುದಿನ. ಸಮಯ ಇತ್ತು. ನಾನು ಪರದೆ ಆರಿಸಿ ಊಟದ ಬುತ್ತಿ ಬಿಚ್ಚಿದೆ.

ಮರುದಿನ ಪಟ್ಟಿ ಗೇಟಿನಲ್ಲಿ ಅಂಟಿಸಿದರು. ವಿಂಗಡಿಸುವ ಮೇಜಿನ ಅವಳ ಜಾಗಕ್ಕೆ ಹತ್ತು ವರ್ಷ ಎರಡು ತಿಂಗಳಿನ ಒಬ್ಬಳು ಹೋದಳು.

ಆಮೇಲೆ ನನಗೆ ಬುದ್ಧಿ ಬಂತು, ತಪ್ಪಾದ ಕಡೆಗೆ ಬಂತು. ಹೊಸ ಫಾರ್ಮು ಬಂದಿದೆ ಎಂದು ನೆಪ ಹೇಳಿ ಉಳಿದ ಹೆಂಗಸರಿಂದ ತಂದೆಯ, ಗಂಡನ ಹೆಸರು ಕೇಳಿಸಿಕೊಂಡೆ. ಭಾನುವಾರ ಆಫೀಸಿಗೆ ಹೋಗಿ ಒಂದೊಂದಾಗಿ ಎಲ್ಲ ತಿದ್ದಿದೆ. ಯಾರಿಗೂ ತಿಳಿಯದ ಹಾಗೆ ಎಲ್ಲರನ್ನೂ ಮಾವಂದಿರಿಂದ ಬಿಡಿಸಿದೆ. ಅವಳದ್ದನ್ನೂ ತಿದ್ದಿದೆ, ಕೆಲಸದಲ್ಲಿ ಇಲ್ಲದವಳದ್ದನ್ನು ತಿದ್ದುವ ಅಗತ್ಯ ಇಲ್ಲದಿದ್ದರೂ. ಗಂಡನ ಹೆಸರು ಅವಳು ಕಿಟಕಿಯಲ್ಲಿ ಹೇಳಿಸಿದ್ದು ನೆನಪಿತ್ತು. ದಾಖಲೆ ಈಗ ಚೊಕ್ಕವಾಗಿತ್ತು.

ಐದಾರು ತಿಂಗಳ ನಂತರ ಅವಳು ನಾನಿದ್ದ ವಾಮಂಜೂರಿನ ಹೊಸ ಆಫೀಸಿಗೆ ಬಂದಳು. ಆ ಒಳದಾರಿಯಲ್ಲೇ ನಡೆದು ಬಂದಿರಬೇಕು. ಪಡೀಲಿನ ಒಂದು ಬೀಜದ ಕಾರ್ಖಾನೆಯಲ್ಲಿ ಜನ ತೆಗೆದುಕೊಳ್ಳುತ್ತಿದ್ದಾರೆ, ಹೆಚ್ಚು ವರ್ಷ ಮಾಡಿದವರಿಗೆ ವಿಂಗಡಿಸುವ ಮೇಜು, ಇಲ್ಲದವರಿಗೆ ಒಡೆಯುವ ಶೆಡ್ಡು. ಎಷ್ಟು ವರ್ಷ ಮಾಡಿದ್ದೇನೆ ಎಂದು ಒಂದು ಕಾಗದ ಬೇಕು ಎಂದಳು. ಜಗಳದ ಧ್ವನಿ ಇರಲಿಲ್ಲ.

“ಈಗಲಾದರೂ ಸಿಕ್ಕಿತಾ ರೈಟರೇ, ನನ್ನ ಎಂಟು ವರ್ಷ?”

ಸಿಕ್ಕಿತು ಎಂದು ಬರೆದರೆ ಮ್ಯಾನೇಜರು ಸಹಿ ಹಾಕಬೇಕು. ಅಂದು ಇರಲಿಲ್ಲ, ಇಂದು ಎಲ್ಲಿಂದ ಬಂತು ಎಂದು ಕೇಳಿದರೆ? ಮೂರು ವರ್ಷ ಎಂದು ಟೈಪು ಮಾಡಿ, ಸಹಿ ಹಾಕಿಸಿ ತಂದೆ. ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಎಷ್ಟು ಅಂತ ಬರೆದಿದ್ದೀರಿ?”

“ಇದ್ದದ್ದನ್ನೇ ಬರೆದಿದ್ದೇನೆ.”

ಅವಳು ಕಾಗದವನ್ನು ಹಣೆಗೆ ಒತ್ತಿಕೊಂಡು, ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

ಮರುದಿನ ಬೆಳಗ್ಗೆ ಫೋನು ಬಂತು. ಪಡೀಲಿನ ಆ ಕಾರ್ಖಾನೆಯ ಕ್ಲಾರ್ಕು, ನನಗೆ ಪರಿಚಯ ಇಲ್ಲದವರು.

“ನಿಮ್ಮ ಕಾಗದದಲ್ಲಿ ಮೂರು ಉಂಟು. ಇವಳು ಹನ್ನೊಂದು ಅಂತ ಹೇಳ್ತಾಳೆ. ನಿಮ್ಮನ್ನೇ ಕೇಳಬೇಕಂತೆ, ಬಿಡುವುದೇ ಇಲ್ಲ. ಒಮ್ಮೆ ನೋಡಿ ಹೇಳಿ ಮಾರಾಯ್ರೇ.”

ಫೋನಿನ ಆಚೆ ಅವಳ ಧ್ವನಿ ಕೇಳುತ್ತಿತ್ತು. “ಕೇಳಿ ನೀವು. ನನ್ನ ಕಾರ್ಡು ಬರೆದದ್ದೇ ಅವರು. ಟೈಪು ಮಾಡುವಾಗ ತಪ್ಪಿರಬೇಕು. ಅವರು ಸುಳ್ಳು ಹೇಳುವ ಜನ ಅಲ್ಲ.”

ಕಂಪ್ಯೂಟರ್ ಮುಂದೆಯೇ ಇತ್ತು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಹೆಸರು, ಗಂಡನ ಹೆಸರು, ವರ್ಷ ಬರೆದೆ. ಅಂದು ಕಿಟಕಿಯಲ್ಲಿ ಅವಳು ಹೇಳಿಸಿದ್ದನ್ನೇ ಬರೆದೆ. ಒಂದೇ ಒತ್ತಿಗೆ ದಾಖಲೆ ಬಂದು ನಿಂತಿತು. ಎಂಟು ವರ್ಷ, ವಿಂಗಡಿಸುವ ಮೇಜು. ಇಬ್ಬರೂ ಕಾಯುತ್ತಿದ್ದರು.

“ಕಾಗದದಲ್ಲಿ ಇದ್ದದ್ದೇ ಸರಿ,” ಎಂದೆ.

ಅವರು ಅದನ್ನು ಅವಳಿಗೆ ಹೇಳಿದರು. “ಒಡೆಯುವ ಕಡೆ ಕಳಿಸಿ,” ಎಂದು ಅವರು ಯಾರಿಗೋ ಕೂಗಿ ಹೇಳಿದ್ದು ಕೇಳಿತು. ಆಮೇಲೆ ನನಗೆ ತೊಂದರೆ ಕೊಟ್ಟದ್ದಕ್ಕೆ ಬೇಜಾರು ಮಾಡಬಾರದು ಎಂದು ಹೇಳಿ, ಥ್ಯಾಂಕ್ಸ್ ಅಂದು, ಫೋನು ಇಟ್ಟರು.